ಎರಡೂವರೆ ಸೆಕೆಂಡಿನ ಊರು

‘ಏಳು ಕಣಿವೆ’ ಎಂಬ ಆಟಕ್ಕೆ ಹೊಸದಾಗಿ ಕಾಲಿಡುವವರಿಗೆ ಎಲ್ಲರೂ ಹೇಳುವ ಬುದ್ಧಿಮಾತು ಮೂರೇ. ಹತ್ತಿರದ ಸರ್ವರ್ ಆರಿಸಿಕೊಳ್ಳಿ. ಜನ ತುಂಬಿರುವ ಸರ್ವರ್ ಆರಿಸಿಕೊಳ್ಳಿ. ಪಟ್ಟಿಯ ಕಟ್ಟಕಡೆಯಲ್ಲಿರುವ ‘ಸೋಮ’ದ ಕಡೆ ಮಾತ್ರ ತಲೆ ಹಾಕಿಯೂ ಮಲಗಬೇಡಿ. ಪ್ರಮೀಳಾ ಹುಲಕೋಟಿಗೆ ಈ ಮೂರನ್ನೂ ಬಿಡಿಸಿ ಹೇಳಿದವರು ಹುಬ್ಬಳ್ಳಿಯ ವಾಕ್ ಚಿಕಿತ್ಸಾ ಕೇಂದ್ರದ ಡಾಕ್ಟರ್ ಅರ್ಷಿಯಾ ಮಕಾನದಾರ. ಐವತ್ನಾಲ್ಕು ವರ್ಷದ ಪ್ರಮೀಳಾ ಎಲ್ಲವನ್ನೂ ಕೇಳಿ ತಲೆಯಾಡಿಸಿದಳು. ಉತ್ತರ ಕೊಟ್ಟದ್ದು ಪಕ್ಕದ ಕುರ್ಚಿಯಲ್ಲಿದ್ದ ಗಂಡ ಶಿವಾನಂದ.

“ತಿಳೀತ್ರಿ ಡಾಕ್ಟ್ರ. ಹತ್ತರದ್ದು, ತುಂಬಿದ್ದು. ಆಕೀಗೆ ಎಲ್ಲಾ ತಿಳೀತೈತ್ರಿ. ಬಾಯಾಗ ಬರೂದಿಲ್ಲ, ಅಷ್ಟ.”

ಆಟದ ಗಂಧ ಇಲ್ಲದವರಿಗಾಗಿ ಇಲ್ಲಿ ಒಂದು ಮಾತು. ಲಕ್ಷಾಂತರ ಜನ ತಮ್ಮ ತಮ್ಮ ಮನೆಯಲ್ಲೇ ಕೂತು ಒಂದೇ ಜಗತ್ತಿನೊಳಗೆ ಹೊಕ್ಕು ಬಂಡಿಯವರೋ ಕಮ್ಮಾರರೋ ಕಾವಲುಗಾರರೋ ಆಗಿ ಬಾಳುವ ಆಟ ಅದು. ಅಷ್ಟೂ ಜನರನ್ನು ಒಂದು ಯಂತ್ರ ತಾಳಲಾರದು. ಅದಕ್ಕೇ ಅದೇ ಜಗತ್ತಿನ ಹತ್ತಾರು ನಕಲುಗಳು ಹತ್ತಾರು ಸರ್ವರ್‌ಗಳಲ್ಲಿ ನಡೆಯುತ್ತವೆ. ಒಂದರಲ್ಲಿದ್ದವರಿಗೆ ಇನ್ನೊಂದರವರ ಮುಖವೂ ಕಾಣುವುದಿಲ್ಲ. ಸರ್ವರ್ ಆರಿಸುವುದೆಂದರೆ ಊರು ಆರಿಸಿದ ಹಾಗೆ. ಯಾರ ನಡುವೆ ಇರಬೇಕು, ಯಾರ ಬಾಯಿಗೆ ಬೀಳಬೇಕು ಎಂಬುದೆಲ್ಲ ಅಲ್ಲಿಗೇ ಗೊತ್ತಾಗಿಬಿಡುತ್ತದೆ.

ಪ್ರಮೀಳಾ ಆಟದ ಹುಚ್ಚಿನವಳೇನಲ್ಲ. ದೊಡ್ಡ ಮಾರ್ಗಗಳೆಲ್ಲ ಯಂತ್ರದ ಪಾಲಾದ ಮೇಲೂ ಒಂಟಿ ಹಳಿಯ ಕೆಲವು ಕವಲು ದಾರಿಗಳಲ್ಲಿ ಮನುಷ್ಯರೇ ರೈಲು ಬಿಡುತ್ತಿದ್ದರು. ಅಂಥ ನಿಲ್ದಾಣಗಳಲ್ಲಿ ಇಪ್ಪತ್ತೊಂಬತ್ತು ವರ್ಷ ಸ್ಟೇಷನ್ ಮಾಸ್ತರ್ ಆಗಿದ್ದವಳು ಅವಳು. ಏಳು ತಿಂಗಳ ಹಿಂದೆ ಒಂದು ಬೆಳಿಗ್ಗೆ ಅಡಿಗೆಮನೆಯಲ್ಲಿ ಲಕ್ವಾ ಹೊಡೆಯಿತು. ಕಾಲು ಸರಿಹೋಯಿತು, ಕೈ ಮುಕ್ಕಾಲುಪಾಲು ಸರಿಹೋಯಿತು. ಮಾತು ಮಾತ್ರ ಪೂರ್ತಿ ಬರಲಿಲ್ಲ. ಹಾಗಂತ ಹೋಗಿಯೂ ಇರಲಿಲ್ಲ. ಪ್ರತಿ ಶಬ್ದವೂ ತಲೆಯೊಳಗೆ ಇರುತ್ತಿತ್ತು, ನಾಲಿಗೆಗೆ ಬರಲು ನಾಲ್ಕೈದು ಸೆಕೆಂಡು ಹಿಡಿಯುತ್ತಿತ್ತು. ಬರೆಯಲು ಹೋದರೆ ಅಕ್ಷರಗಳು ಅದಲುಬದಲಾಗುತ್ತಿದ್ದವು.

ನಾಲ್ಕು ಸೆಕೆಂಡು ಏನು ಮಹಾ ಎನ್ನಬೇಡಿ. ಮಾತಿನ ನಡುವೆ ನಾಲ್ಕು ಸೆಕೆಂಡು ಸುಮ್ಮನೆ ಕಾಯುವವರು ಈ ಲೋಕದಲ್ಲಿ ಎಷ್ಟು ಜನ ಇದ್ದಾರೆ ಎಂದು ನೀವೇ ಲೆಕ್ಕ ಹಾಕಿ ನೋಡಿ. ಶಿವಾನಂದನಂತೂ ಆ ಲೆಕ್ಕದಲ್ಲಿ ಬರುವವನೇ ಅಲ್ಲ. ಅಮರಗೋಳದ ಮಾರುಕಟ್ಟೆಯಲ್ಲಿ ಉಳ್ಳಾಗಡ್ಡಿಯ, ಅಂದರೆ ಈರುಳ್ಳಿಯ, ಹರಾಜು ಕೂಗುವುದು ಅವನ ಕಸುಬು. ಅಲ್ಲಿ ಮೂರು ಎಣಿಸುವುದರೊಳಗೆ ಯಾರೂ ಬಾಯಿ ಬಿಡದಿದ್ದರೆ ವ್ಯವಹಾರ ಮುಗಿಯಿತು, ಚೀಲ ಎತ್ತಬೇಕು. ಹೆಂಡತಿ ಮಾತು ಶುರು ಮಾಡಿ ನಿಂತರೆ ಅವನ ಎಣಿಕೆ ತಾನಾಗಿ ಶುರುವಾಗುತ್ತಿತ್ತು, ಮೂರಕ್ಕೆ ಅವನೇ ಆ ಮಾತು ಮುಗಿಸಿಬಿಡುತ್ತಿದ್ದ. ಪ್ರೀತಿಯಿಂದಲೇ ಮುಗಿಸುತ್ತಿದ್ದ. ನೀರು ಕೇಳಲು ಹೊರಟರೆ ಚಹಾ ಬರುತ್ತಿತ್ತು, ಅಷ್ಟು ಪ್ರೀತಿ.

ಚಹಾ ಬಂದರೆ ಕುಡಿಯಬಹುದು, ಅದು ದೊಡ್ಡ ಮಾತಲ್ಲ. ಪ್ರಮೀಳಾಳ ಎದೆಯಲ್ಲಿ ಕೂತಿದ್ದುದು ಬೇರೆಯೇ ಒಂದು ಮಾತು. ಲಕ್ವಾ ಹೊಡೆದ ದಿನ ಶಿವಾನಂದ ಮಾರುಕಟ್ಟೆಯಿಂದ ನೆಟ್ಟಗೆ ಮನೆಗೆ ಬಂದಿರಲಿಲ್ಲ, ಗೆಳೆಯರ ಜೊತೆ ಮಿರ್ಚಿ ತಿನ್ನಲು ನಿಂತಿದ್ದ. ಮುಕ್ಕಾಲು ಗಂಟೆ ತಡವಾಯಿತು. ಹೆಂಡತಿಯ ಮಾತು ಹೋದದ್ದು ಆ ಮುಕ್ಕಾಲು ಗಂಟೆಯಿಂದಲೇ ಎಂದು ಅವನು ನಂಬಿಕೊಂಡಿದ್ದ. ಅವಳಿಗೆ ಹಾಗನ್ನಿಸಿರಲಿಲ್ಲ. ಅವಳು ಆ ದಿನಕ್ಕಾಗಿ ಅವನಿಗೆ ಕೈಮುಗಿದು ಒಂದು ಮಾತು ಹೇಳಬೇಕಿತ್ತು. ಆದರೆ “ಆವತ್ತ ನೀವು” ಎಂದು ಶುರು ಮಾಡಿದರೆ ಸಾಕು, ಅವನ ಮುಖ ಕಪ್ಪಿಡುತ್ತಿತ್ತು.

“ತಡಾ ಮಾಡಿದೆ. ಗೊತ್ತೈತಿ ಪ್ರಮೀ. ಸಾಯೂತನಕ ಗೊತ್ತಿರತೈತಿ. ಈಗ ಊಟಾ ಮಾಡು.”

ಏಳು ತಿಂಗಳಲ್ಲಿ ಇದು ಎಷ್ಟು ಸಲ ನಡೆಯಿತೋ. ಕೊನೆಗೆ ಅವಳು ಮಾತಾಡುವುದನ್ನೇ ಬಿಟ್ಟಳು. ಡಾಕ್ಟರ್ ಅರ್ಷಿಯಾಗೆ ಗಾಬರಿಯಾದದ್ದು ಆಗಲೇ. ವರ್ಷದೊಳಗೆ ದಿನವೂ ಮಾತಾಡದಿದ್ದರೆ ಮಿದುಳಿನಲ್ಲಿ ಉಳಿದಿರುವ ಮಾತಿನ ದಾರಿಯೂ ಮುಚ್ಚಿಹೋಗುತ್ತದೆ ಎಂದು ಅವರು ಹೇಳಿದರು. ಅದಕ್ಕೇ ಈ ಆಟ, ಅದಕ್ಕೇ ಆಟದೊಳಗೆ ಹೋಗಲು ಹಣೆಗೆ ಕಟ್ಟಿಕೊಳ್ಳುವ ಈ ಹಣೆಪಟ್ಟಿ.

ಹಣೆಪಟ್ಟಿಯ ಕೆಲಸ ಸರಳ. ಶಬ್ದವೊಂದನ್ನು ಹುಡುಕಲು ಮಿದುಳು ತಿಣುಕುವುದನ್ನು ಅದು ಗುರುತಿಸುತ್ತದೆ. ಶಬ್ದ ಹೊರಬಿದ್ದು, ಎದುರಿನವರಿಂದ ಉತ್ತರ ಬಂದ ಕ್ಷಣದಲ್ಲಿ ಆ ದಾರಿಗೆ ಒಂದು ಸಣ್ಣ ಉತ್ತೇಜನ ಕೊಡುತ್ತದೆ. ಉತ್ತರ ಬಾರದಿದ್ದರೆ ಏನೂ ಮಾಡುವುದಿಲ್ಲ. ತೊಡಕು ಇದ್ದದ್ದು ಒಂದೇ. ಮೊದಲ ಹತ್ತು ಗಂಟೆಯಲ್ಲಿ ಪಟ್ಟಿ ಒಂದು ಸರ್ವರ್‌ನ ಮಾತು-ಉತ್ತರದ ಲಯಕ್ಕೆ ಹೊಂದಿಕೊಂಡಿತೆಂದರೆ ಮುಗಿಯಿತು, ಆಮೇಲೆ ಬೇರೆ ಸರ್ವರ್‌ಗೆ ಹೋದರೆ ಮಿದುಳು ಗಲಿಬಿಲಿಯಾಗಿ ಇದ್ದ ಮಾತೂ ಕೆಡಬಹುದು. ಒಂದೊಂದು ಗಂಟೆಯ ಪರೀಕ್ಷೆಗೆ ಮೂರು ಅವಕಾಶ, ಆರಿಸಿಕೊಳ್ಳುವುದಕ್ಕೆ ಒಂದೇ.

ಮೊದಲ ಪರೀಕ್ಷೆ ‘ಮಲಪ್ರಭಾ’ದಲ್ಲಿ. ಯಂತ್ರ ಇದ್ದದ್ದು ಊರಾಚೆಯ ಕಟ್ಟಡದಲ್ಲಿ, ಕಣ್ಣು ಮಿಟುಕಿಸುವುದರೊಳಗೆ ಮಾತು ಹೋಗಿ ಉತ್ತರ ಬರುತ್ತಿತ್ತು. ಪ್ರಮೀಳಾ ಕೋಟೆ ಬಾಗಿಲ ಕಾವಲುಗಾರ್ತಿಯಾಗಿ ನಿಂತಳು. ಐದು ಜನ ಕುದುರೆಯ ಮೇಲೆ ಬಂದು, ಕಳ್ಳರು ಯಾವ ಕಡೆ ಹೋದರು ಎಂದು ಕೇಳಿದರು. ಎಡಕ್ಕೆ ಹೋದದ್ದನ್ನು ಅವಳು ನೋಡಿದ್ದಳು. “ಎ” ಎಂಬಷ್ಟು ಬಾಯಿಗೆ ಬಂತು.

“ಇದು ಬೊಂಬೆ ಇರಬೇಕಲೇ, ಕಂಪ್ಯೂಟರ್ ನಿಲ್ಲಿಸಿದ್ದು. ಬಿಡ್ರಿ,” ಎಂದು ಒಬ್ಬ ಹೇಳಿದ. ಐದೂ ಕುದುರೆ ಬಲಕ್ಕೆ ಓಡಿದವು.

ಎರಡನೆಯದು ‘ಅರುಣೋದಯ’. ಹೋದ ವಾರವಷ್ಟೇ ತೆರೆದದ್ದು, ಎಲ್ಲರೂ ಹೊಸಬರೇ, ಹಾಗಾಗಿ ಎಲ್ಲರೂ ನಿಧಾನ ಇರುತ್ತಾರೆ ಎಂದು ಡಾಕ್ಟರ್ ಎಣಿಸಿದ್ದರು. ಹೊಸಬರಿಗೇ ಗಡಿಬಿಡಿ ಜಾಸ್ತಿ ಎಂಬುದು ಅಲ್ಲಿ ಹೋದಮೇಲೆ ಗೊತ್ತಾಯಿತು. ದಯೆಯ ಹೆಂಗಸೊಬ್ಬಳು ಸಿಕ್ಕಳು, ನಿಜ. ಆದರೆ ಅವಳು ಪ್ರಮೀಳಾಳ ಪ್ರತಿ ಮಾತನ್ನೂ ತಾನೇ ಮುಗಿಸಿಕೊಟ್ಟಳು. ಇನ್ನೊಬ್ಬ ಶಿವಾನಂದನಿಗಾಗಿ ಇಷ್ಟು ದೂರ ಬರಬೇಕಿತ್ತೆ ಎಂದುಕೊಂಡು ಪ್ರಮೀಳಾ ಹಣೆಪಟ್ಟಿ ಕಳಚಿ ಮೇಜಿನ ಮೇಲಿಟ್ಟಳು.

ಗಾಜಿನಾಚೆ ಪರದೆಯ ಮುಂದೆ ಕೂತಿದ್ದ ಅರ್ಷಿಯಾ ಎದ್ದು ಬಂದರು. ಶಬ್ದಕ್ಕಾಗಿ ಮಿದುಳು ತಿಣುಕುವುದನ್ನು ತೋರಿಸುವ ಪರದೆಯ ಹಸಿರು ಗೆರೆ ಎರಡೂ ಸಲ ಏಳುತ್ತಲೇ ಬಿದ್ದುಹೋಗಿತ್ತು.

“ಇನ್ನೊಂದ ಅವಕಾಶ ಉಳದೈತ್ರಿ ಅಕ್ಕಾರ. ಅದೂ ಆಗ್ಲಿಲ್ಲಂದ್ರ ನಾನೂ ಕೈ ಚೆಲ್ಲಬೇಕಾಗತೈತಿ. ನೋಡ್ರಿ, ಯಾವುದರ ಆರಿಸ್ರಿ.”

ಪ್ರಮೀಳಾ ಪರದೆಯ ಮೇಲಿದ್ದ ಸರ್ವರ್‌ಗಳ ಪಟ್ಟಿಯನ್ನು ಮೇಲಿಂದ ಕೆಳಕ್ಕೆ ಸರಿಸುತ್ತ ಹೋದಳು. ಕಟ್ಟಕಡೆಯ ಸಾಲು ಬಂತು. ‘ಸೋಮ. ಸ್ಥಳ: ಚಂದ್ರನ ದಕ್ಷಿಣ ಧ್ರುವ. ವಿಳಂಬ: 2.6 ಸೆಕೆಂಡು. ಆಟಗಾರರು: 41. ಹೊಸಬರಿಗೆ ಶಿಫಾರಸು ಮಾಡುವುದಿಲ್ಲ.’

ಅವಳ ಬೆರಳು ಅಲ್ಲಿ ನಿಂತಿತು. ಒಂಟಿ ಹಳಿಯ ಮೇಲೆ ರೈಲು ಬಿಡುವ ಮೊದಲು ಮುಂದಿನ ನಿಲ್ದಾಣವನ್ನು ಕೇಳಬೇಕು, ಅವರು ಕೇಳಿದ್ದನ್ನು ತಿರುಗಿ ಹೇಳಬೇಕು, ಹಳಿ ಖಾಲಿ ಎಂದು ಖಾತ್ರಿ ಮಾಡಿ ಒಂದು ಗುಪ್ತ ಸಂಖ್ಯೆ ಕೊಡಬೇಕು. ಅಲ್ಲಿಯವರೆಗೆ ಕಾಯಬೇಕು. ಯಾರು ಎಷ್ಟೇ ಗಡಿಬಿಡಿ ಮಾಡಿದರೂ ಕಾಯಬೇಕು. ಇಪ್ಪತ್ತೊಂಬತ್ತು ವರ್ಷ ಕಾದು ಕಾದು ಕೂದಲು ಬೆಳ್ಳಗಾದವಳಿಗೆ ಎರಡೂವರೆ ಸೆಕೆಂಡು ಯಾವ ಲೆಕ್ಕ? ಅದಕ್ಕಿಂತ ಹೆಚ್ಚಾಗಿ, ಅಲ್ಲಿ ಬೇರೆಯವರೂ ಕಾಯಲೇಬೇಕಲ್ಲ! ಅವಳು ಒತ್ತಿಬಿಟ್ಟಳು.

“ಏ, ಏ, ಅದಲ್ಲ!” ಎಂದು ಶಿವಾನಂದ ಎದ್ದೇ ನಿಂತ. “ಡಾಕ್ಟ್ರ, ಕೈ ತಪ್ಪಿ ಒತ್ತ್ಯಾಳ್ರಿ.”

ಪ್ರಮೀಳಾ ಅವನ ಕಡೆ ತಿರುಗಿದಳು. “ತಪ್ಪಿಲ್ಲ,” ಎಂದಳು. ಅದಕ್ಕೆ ಐದು ಸೆಕೆಂಡು ಹಿಡಿಯಿತು. ಅಷ್ಟರಲ್ಲಿ ಅವನು ಇನ್ನೂ ನಾಲ್ಕು ಮಾತು ಆಡಿ ಮುಗಿಸಿದ್ದ.

ಚಂದ್ರನ ಧ್ರುವದ ಹಳ್ಳಗಳಲ್ಲಿ ಬಿಸಿಲೇ ಬೀಳುವುದಿಲ್ಲ. ಆ ಕಡುಚಳಿಯಲ್ಲಿ ಹಿಮ ಅಗೆಯುವ ನೆಲೆಯೊಂದಿತ್ತು, ಮುನ್ನೂರು ಕೆಲಸಗಾರರಿದ್ದರು. ತಮ್ಮ ಮನೆಯವರ ಜೊತೆ ಆಡಲೆಂದು ಅವರೇ ಬೇಡಿಕೊಂಡು ಹಾಕಿಸಿದ ಸರ್ವರ್ ಅದು. ಭೂಮಿಯ ಒಬ್ಬರ ಮಾತು ಚಂದ್ರನಿಗೆ ಹೋಗಿ ಭೂಮಿಯ ಇನ್ನೊಬ್ಬರನ್ನು ಮುಟ್ಟಲು ಎರಡೂವರೆ ಸೆಕೆಂಡಿಗೆ ತುಸು ಹೆಚ್ಚೇ ಬೇಕು. ಅವರ ಉತ್ತರ ಬರಲು ಮತ್ತೆ ಅಷ್ಟೇ. ಬೆಳಕಿಗಿಂತ ಬೇಗ ಓಡುವುದು ಯಾರಿಂದಲೂ ಆಗದ ಕೆಲಸ. ಅಲ್ಲಿ ಕತ್ತಿ ಬೀಸಿದರೆ ವೈರಿ ಆಗಲೇ ಊಟ ಮುಗಿಸಿರುತ್ತಾನೆ ಎಂದು ಬೇರೆ ಸರ್ವರ್‌ನವರು ನಗುತ್ತಿದ್ದರು. ಅದಕ್ಕೇ ಸೋಮದಲ್ಲಿ ಯುದ್ಧವೇ ಇರಲಿಲ್ಲ. ಬಂಡಿ ಹೊಡೆಯುವುದು, ಸೇತುವೆ ಕಟ್ಟುವುದು, ಹರಟೆ ಹೊಡೆಯುವುದು, ಇಷ್ಟೇ.

ಪ್ರಮೀಳಾ ಕಣ್ಣು ಬಿಟ್ಟಾಗ ಎದುರಿಗೆ ಕುಲುಮೆಯ ಮುಂದೆ ಒಬ್ಬಳು ಕಮ್ಮಾರಗಿತ್ತಿ ನಿಂತಿದ್ದಳು.

“ನಮಸ್ಕಾರ. ನಾನು ಜೆಸಿಂತಾ. ಮನೆ ಮಂಗಳೂರು, ಈಗ ಇರುವುದು ಚಂದ್ರನ ಮೇಲೆ, ಮಂಜು ಅಗೆಯುವ ಮಶೀನು ರಿಪೇರಿಗೆ. ನಮ್ಮಲ್ಲಿ ಒಂದು ಕ್ರಮ ಉಂಟು. ಮಾತು ಮುಗಿದ ಮೇಲೆ ‘ಆಯ್ತು’ ಅಂತ ಹೇಳ್ಬೇಕು. ಅದು ಕೇಳುವವರೆಗೆ ಯಾರೂ ಬಾಯಿ ತೆರೆಯುವ ಹಾಗಿಲ್ಲ. ಇಲ್ಲದಿದ್ರೆ ಎಲ್ಲ ಮಾತು ಒಂದರ ಮೇಲೊಂದು ಬಿದ್ದು ಮೀನು ಮಾರ್ಕೆಟ್ ಆಗ್ತದೆ. ನಿಮ್ಮ ಹೆಸರು ಎಂತ? ಆಯ್ತು.”

ಪ್ರಮೀಳಾ ಬಾಯಿ ತೆರೆದಳು. ಹೆಸರು ಬರಲಿಲ್ಲ. ಒಂದು, ಎರಡು, ಮೂರು. ಜೆಸಿಂತಾ ಇಕ್ಕಳ ಹಿಡಿದು ಸುಮ್ಮನೆ ನಿಂತೇ ಇದ್ದಳು. ಮುಖದಲ್ಲಿ ಕನಿಕರ ಇರಲಿಲ್ಲ, ಬೇಸರವೂ ಇರಲಿಲ್ಲ. ನಾಲ್ಕು, ಐದು.

“ಪ್ರಮೀಳಾ,” ಎಂದಳು. ಆಮೇಲೆ ಇನ್ನಷ್ಟು ಹೊತ್ತು ಬಿಟ್ಟು, “ಆಯ್ತು.”

“ಪ್ರಮೀಳಾ. ಚಂದದ ಹೆಸರು. ಕೆಲಸ ಎಂತ ಮಾಡಿಕೊಂಡಿದ್ರಿ? ಆಯ್ತು.”

ಗಾಜಿನಾಚೆ ಅರ್ಷಿಯಾ ಪರದೆಯ ಮೇಲೆ ಬಗ್ಗಿ ನೋಡುತ್ತಿದ್ದರು. ಹಸಿರು ಗೆರೆ ಎದ್ದಿತು, ಎದ್ದೇ ಇತ್ತು, ಶಬ್ದ ಹೊರಬಿದ್ದು ಉತ್ತರ ಬಂದಾಗ ಇನ್ನೂ ಮೇಲಕ್ಕೆ ಹತ್ತಿತು. ಅವರು ಕನ್ನಡಕ ತೆಗೆದು ಒರೆಸಿಕೊಂಡರು.

“ನಾನ ತಪ್ಪು ತಿಳಕೊಂಡಿದ್ದೆ ನೋಡ್ರಿ,” ಎಂದು ಶಿವಾನಂದನಿಗೆ ಹೇಳಿದರು. “ಬೇಗ ಉತ್ತರಾ ಸಿಗಬೇಕು ಅಂದಕೊಂಡಿದ್ದೆ. ಇವರಿಗೆ ಬೇಕಾದದ್ದು ಬೇಗ ಅಲ್ಲ. ಇವರ ಮಾತು ಸಿಗೂ ಹೊತ್ತಿಗೆ ಕೇಳೋರು ಇನ್ನೂ ಅಲ್ಲೇ ಇರಬೇಕು.”

ಶಿವಾನಂದ ತಲೆ ಕೆರೆದುಕೊಂಡ. ಒಳಗೆ ಪ್ರಮೀಳಾಳ ಕಣ್ಣಿಂದ ನೀರು ಇಳಿಯುತ್ತಿತ್ತು, ಅವಳು ಅದನ್ನು ಒರೆಸಿಕೊಳ್ಳಲೂ ಇಲ್ಲ. ಏಳು ತಿಂಗಳಲ್ಲಿ ಮೊದಲ ಸಲ ಅವಳ ಒಂದು ಮಾತು ಅವಳ ಬಾಯಿಂದಲೇ ಕೊನೆಗಂಡು ಕೇಳುವವರನ್ನು ಮುಟ್ಟಿತ್ತು.

ಹೀಗೆ ಹಣೆಪಟ್ಟಿ ಸೋಮಕ್ಕೆ ಹೊಂದಿಕೊಂಡಿತು. ದಿನಾ ಬೆಳಿಗ್ಗೆ ಹತ್ತರಿಂದ ಹನ್ನೆರಡರವರೆಗೆ ಮನೆಯ ಹಿಂದಿನ ಕೋಣೆಯಲ್ಲಿ ಕೂತು ಅವಳು ಮಾತಾಡಿದಳು. ಅಲ್ಲಿ ತನ್ನ ತಡ ಯಾರಿಗೂ ಗೊತ್ತಾಗುವುದಿಲ್ಲ ಎಂದುಕೊಂಡಳು. ಎಲ್ಲರ ಮಾತೂ ತಡವಾಗಿಯೇ ಬರುವಾಗ ಯಾರದು ದಾರಿಯ ತಡ, ಯಾರದು ನಾಲಿಗೆಯ ತಡ ಎಂದು ಯಾರು ಅಳೆಯುತ್ತಾರೆ? ಸ್ನಾನ ಮಾಡುವಾಗ, ರೊಟ್ಟಿ ತಟ್ಟುವಾಗ ಅವಳಿಗೆ ಆ ನಲವತ್ತೊಂದು ಜನರ ನೆನಪಾಗಿ ಎದೆ ತುಂಬಿ ಬರುತ್ತಿತ್ತು. ಅವರಿಗೆಲ್ಲ ಏನು ಕೊಟ್ಟರೂ ಕಡಿಮೆ ಎನ್ನಿಸುತ್ತಿತ್ತು.

ಕೊಡಲು ಅವಳಲ್ಲಿ ಒಂದು ವಿದ್ಯೆ ಇತ್ತು. ಸೋಮದ ಬಂಡಿಗಳೆಲ್ಲ ಒಂದು ಇಕ್ಕಟ್ಟು ಕಣಿವೆಯನ್ನು ದಾಟಬೇಕಿತ್ತು, ಅಗಲ ಒಂದೇ ಬಂಡಿಯಷ್ಟು. ಭೂಮಿಯವರಿಗೆ ಕಾಣುವುದು ಒಂದೂಕಾಲು ಸೆಕೆಂಡು ಹಳೆಯ ನೋಟ. ಮೂಡಲ ಬಾಗಿಲವರಿಗೂ ಪಡುವಲ ಬಾಗಿಲವರಿಗೂ ದಾರಿ ಖಾಲಿ ಕಾಣುತ್ತಿತ್ತು, ಇಬ್ಬರೂ ಬಂಡಿ ಬಿಡುತ್ತಿದ್ದರು, ನಡುವೆ ಮುಖಾಮುಖಿ. ವಾರಕ್ಕೊಮ್ಮೆ ಯಾರದಾದರೂ ಸಾಮಾನು ಪ್ರಪಾತದ ಪಾಲಾಗುತ್ತಿತ್ತು. ಪ್ರಮೀಳಾ ರೈಲ್ವೆಯ ಕ್ರಮವನ್ನು ಅವರಿಗೆ ಕಲಿಸಿದಳು. ಕೇಳುವುದು, ತಿರುಗಿ ಹೇಳುವುದು, ಗುಪ್ತ ಸಂಖ್ಯೆ ಕೊಡುವುದು, ಸಂಖ್ಯೆ ಇಲ್ಲದೆ ಬಂಡಿ ಅಲುಗಿಸದಿರುವುದು. ಇಷ್ಟನ್ನು ಹೇಳಿ ಮುಗಿಸಲು ಅವಳಿಗೆ ನಾಲ್ಕು ದಿನ ಹಿಡಿಯಿತು, ನಾಲ್ಕೂ ದಿನ ಅವರು ಕೇಳಿದರು. ಮೂಡಲ ಬಾಗಿಲು ಅವಳಿಗೇ ಬಂತು, ಪಡುವಲ ಬಾಗಿಲು ಜೆಸಿಂತಾಗೆ. ಎರಡು ತಿಂಗಳು ಒಂದು ಬಂಡಿಯೂ ಡಿಕ್ಕಿಯಾಗಲಿಲ್ಲ.

ಮನೆಯಲ್ಲಿ ಮಾತ್ರ ಮೂರರ ಎಣಿಕೆ ನಡೆದೇ ಇತ್ತು. “ಆವತ್ತ ನೀವು…” ಎಂದರೆ “ಗೊತ್ತೈತಿ” ಎಂದೇ ಉತ್ತರ. ಚಂದ್ರನ ಮೇಲಿನವರಿಗೆ ಹೇಳಲಾಗುವುದನ್ನು ಪಕ್ಕದಲ್ಲಿ ಕೂತು ಉಣ್ಣುವವನಿಗೆ ಹೇಳಲಾಗದೆ ಅವಳು ಒಳಗೊಳಗೇ ಬೇಯುತ್ತಿದ್ದಳು.

ಶಿವಾನಂದ ಹನ್ನೊಂದಕ್ಕೆ ಮಾರುಕಟ್ಟೆ ಮುಗಿಸಿ ಚುರುಮುರಿ ಗಿರಮಿಟ್ಟಿನ ಪೊಟ್ಟಣ ಹಿಡಿದು ಬರುತ್ತಿದ್ದ. ಹಿಂದಿನ ಕೋಣೆಯ ಬಾಗಿಲಲ್ಲಿ ನಿಂತು ಹೆಂಡತಿಯ ಆಟವನ್ನು ಪರದೆಯ ಮೇಲೆ ನೋಡುತ್ತಿದ್ದ. ಆ ಉದ್ದುದ್ದ ಮೌನ ಅವನ ಜೀವ ಹಿಂಡುತ್ತಿತ್ತು. ಒಂದು ಬುಧವಾರ, ಅವನು ಬಂದು ನಿಲ್ಲುವ ಮುಂಚೆ, ಪ್ರಮೀಳಾ ಒಂಬತ್ತು ಬಂಡಿಗಳನ್ನು ಕಣಿವೆಗೆ ಬಿಟ್ಟಿದ್ದಳು. ಅದರ ಬೆನ್ನಿಗೇ ಪಡುವಲ ಬಾಗಿಲಿಂದ ಜೆಸಿಂತಾ ಕೇಳಿದಳು.

“ಮೂಡಲ ಬಾಗಿಲು, ನಮ್ಮ ಕಡೆ ಏಳು ಬಂಡಿ ಉಂಟು. ದಾರಿ ಖಾಲಿಯಾ? ಆಯ್ತು.”

ಹೇಳಬೇಕಾದದ್ದು ‘ಇಲ್ಲ’. ಪ್ರಮೀಳಾಳ ಬಾಯಿ ಆ ಶಬ್ದವನ್ನು ಹುಡುಕುತ್ತಿತ್ತು. ಶಿವಾನಂದನೊಳಗೆ ಎಣಿಕೆ ನಡೆಯುತ್ತಿತ್ತು. ಒಂದು. ಎರಡು. ಮೇಜಿನ ಮೇಲೆ ಸಂಖ್ಯೆಗಳ ಚೀಟಿ ಕಂಡಿತು. ಪಾಪ, ಸಂಖ್ಯೆ ನೆನಪಾಗದೆ ಒದ್ದಾಡುತ್ತಿದ್ದಾಳೆ ಎಂದುಕೊಂಡ. ಮೂರು.

“ಖಾಲಿ ಐತ್ರಿ, ಬಿಡ್ರಿ! ನಂಬರ ನಲವತ್ತೇಳು! ಆಯ್ತು!” ಎಂದು ಹಣೆಪಟ್ಟಿಯ ಮೈಕಿನ ಹತ್ತಿರ ಬಗ್ಗಿ, ಉಳ್ಳಾಗಡ್ಡಿಯ ರಾಶಿ ಮಾರಿದ ದನಿಯಲ್ಲಿ ಕೂಗಿದ.

ಪ್ರಮೀಳಾ ಅವನ ಬಾಯಿಗೆ ಕೈ ಅಡ್ಡ ಹಿಡಿದಳು. ಮಾತು ಆಗಲೇ ಅರ್ಧ ದಾರಿಯಲ್ಲಿತ್ತು. ಆಟದೊಳಗೆ ಯಾರು ಮಾತಾಡಿದರೂ ಪಾತ್ರದ ದನಿಯೇ ಕೇಳುತ್ತದೆ, ಹಾಗಾಗಿ ಜೆಸಿಂತಾಗೆ ಕೇಳಿಸಿದ್ದು ಪ್ರಮೀಳಾಳೇ. “ಇಲ್ಲಾ!” ಎಂಬ ಅವಳ ಕೂಗು ಹೊರಬಿದ್ದಾಗ ಉತ್ತರ ಕಿವಿಗೆ ಬಂದಾಗಿತ್ತು: “ದಾರಿ ಖಾಲಿ, ನಲವತ್ತೇಳು, ಬಂಡಿ ಬಿಟ್ಟೆ. ಆಯ್ತು.” ಕಣಿವೆಯ ನಡುವೆ ಹದಿನಾರು ಬಂಡಿ ಒಂದರ ಮೇಲೊಂದು ಬಿದ್ದು ಪ್ರಪಾತಕ್ಕೆ ಉರುಳಿದವು. ಹೊಸ ಸೇತುವೆಗೆಂದು ಎಲ್ಲರೂ ಮೂರು ತಿಂಗಳು ಕೂಡಿಹಾಕಿದ್ದ ಮರ, ಕಬ್ಬಿಣ, ಹಗ್ಗ ಎಲ್ಲ ಅದರಲ್ಲಿತ್ತು.

“ನಾ… ನಾ ಸಹಾಯ ಮಾಡಾಕ ಹೋದೆ,” ಎಂದ ಶಿವಾನಂದ. ಪ್ರಮೀಳಾ ಅವನನ್ನು ಬೈಯಲಿಲ್ಲ. ಬೈಯಲು ಶಬ್ದ ಸಿಗುವಷ್ಟು ಹೊತ್ತು ಅವನು ಅಲ್ಲಿ ನಿಲ್ಲಲೂ ಇಲ್ಲ.

ಅದೇ ಸಂಜೆ ಸೋಮದವರೆಲ್ಲ ಕುಲುಮೆಯ ಅಂಗಳದಲ್ಲಿ ಸೇರಿದರು. ಖಾಲಿ ಇಲ್ಲದ ಹಳಿಯನ್ನು ಖಾಲಿ ಎನ್ನುವುದು ಪ್ರಮೀಳಾಳ ಕಸುಬಿನಲ್ಲಿ ಕ್ಷಮೆಯಿಲ್ಲದ ತಪ್ಪು. ಬಾಯಿ ತಪ್ಪಿತು ಎಂದು ಒಂದೇ ಮಾತಲ್ಲಿ ಮುಗಿಸಬಹುದಿತ್ತು. ನಿಜ ಹೇಳಿದರೆ ತನ್ನ ರೋಗ ಹೊರಬೀಳುತ್ತದೆ, ಇವರೂ ಕನಿಕರದಿಂದ ತನ್ನ ಮಾತು ಮುಗಿಸಿಕೊಡಲು ಶುರು ಮಾಡುತ್ತಾರೆ. ಪಟ್ಟಿ ಹೊಂದಿಕೊಂಡಾಗಿದೆ, ಹೋಗಲು ಇನ್ನೊಂದು ಊರಿಲ್ಲ. ಆದರೂ ಅವಳು ನಿಜವನ್ನೇ ಹೇಳಿದಳು.

“ಬಾಗಲಾ ನಂದು. ತಪ್ಪು… ನಂದ. ನನಗ ಲಕ್ವಾ… ಆಗೈತಿ. ಮಾತು ತಡಾ ಆಗೂದು… ದೂರದಿಂದಲ್ಲ. ನನ್ನ ನಾಲಗಿಯಿಂದ. ನಮ್ಮ ಯಜಮಾನ್ರಿಗೆ… ತಡಕೊಳ್ಳಾಕ… ಆಗೂದಿಲ್ಲ. ಅವರ ಕೂಗಿದ್ರು. ನಿಮಗ ಮೊದಲ… ಹೇಳಬೇಕಿತ್ತು. ಮುಚ್ಚಿಟ್ಟೆ. ಆಯ್ತು.”

ಇಷ್ಟಕ್ಕೆ ಒಂದೂವರೆ ನಿಮಿಷ. ಅಂಗಳದಲ್ಲಿದ್ದವರೆಲ್ಲ ಅವಳ ‘ಆಯ್ತು’ ಬರುವವರೆಗೆ ಕಾದರು. ಆಮೇಲೆ ಬಂಡಿಯವನೊಬ್ಬ, ಆ ಕಬ್ಬಿಣದಲ್ಲಿ ಅರ್ಧ ತನ್ನ ಮಗಳು ಕೂಡಿಸಿದ್ದು, ಅವಳು ಮಧ್ಯಾಹ್ನದಿಂದ ಅಳುತ್ತಿದ್ದಾಳೆ ಎಂದ. ಪ್ರಮೀಳಾ ತಲೆ ತಗ್ಗಿಸಿದಳು. ಕೊನೆಗೆ ಜೆಸಿಂತಾಳ ದನಿ ಬಂತು.

“ಮುಚ್ಚಿಟ್ಟದ್ದು ಎಂತ ಮಾರಾಯ್ರೆ? ನಿಮ್ಮ ಮಾತು ಎಲ್ಲರಿಗಿಂತ ತಡ ಬರುವುದು ನಮಗೆ ಮೊದಲ ದಿನವೇ ಗೊತ್ತಾಗಿತ್ತು. ನಿಮ್ಮ ಮನೆ ನಮ್ಮದಕ್ಕಿಂತಲೂ ದೂರ ಉಂಟು ಅಂತ ತಿಳ್ಕೊಂಡ್ವಿ. ದೂರದವರಿಗೆ ಕಾಯುವುದೇ ಅಲ್ವಾ ಇಲ್ಲಿಯ ಕ್ರಮ? ಬಾಗಿಲು ನಿಮ್ಮದೇ. ಆದ್ರೆ ನಿಮ್ಮ ಯಜಮಾನರನ್ನು ಕಳಿಸಿ. ಉರುಳಿಸಿದವರೇ ಬಂದು ಎತ್ತಲಿ. ಆಯ್ತು.”

ಪ್ರಮೀಳಾ ಹಣೆಪಟ್ಟಿ ತೆಗೆದು ಎದೆಗೊತ್ತಿಕೊಂಡಳು, ಆಮೇಲೆ ಎದ್ದುಹೋಗಿ ಆ ಮಾತನ್ನು ಗಂಡನಿಗೆ ಹೇಗೋ ಮುಟ್ಟಿಸಿದಳು.

ಮರುದಿನ ಶಿವಾನಂದ ಪೇಟೆಯಿಂದ ಸಾದಾ ಹಣೆಪಟ್ಟಿಯೊಂದನ್ನು ತಂದು ಪಕ್ಕದ ಕೋಣೆಯಲ್ಲಿ ಕೂತ. ‘ಹೊಸಬರಿಗೆ ಶಿಫಾರಸು ಮಾಡುವುದಿಲ್ಲ, ಮುಂದುವರಿಯಬೇಕೆ?’ ಎಂದು ಯಂತ್ರ ಮೂರು ಸಲ ಕೇಳಿತು. ಮೂರು ಸಲವೂ “ಹೌದ್ರೀಯಪಾ” ಎಂದು ಯಂತ್ರಕ್ಕೆ ಬಾಯಿಬಿಟ್ಟು ಹೇಳಿದ. ಪ್ರಪಾತದ ತಳದಲ್ಲಿ ಹಗ್ಗ ಕಟ್ಟಿ ಮರ ಎಳೆಯುವ ಕೆಲಸ ಕೊಟ್ಟರು. ಮೊದಲ ದಿನ ಅವನ ಪಾಡು ಕೇಳಬೇಡಿ. ಪ್ರಶ್ನೆ ಕೇಳುವುದು, ಮೂರು ಎಣಿಸುವುದು, ಉತ್ತರವನ್ನೂ ತಾನೇ ಹೇಳುವುದು, ಅಷ್ಟರಲ್ಲಿ ನಿಜವಾದ ಉತ್ತರ ಬಂದು ಎಲ್ಲ ಕಲಸುಮೇಲೋಗರ. ಅವನು ಎಳೆಯಿರಿ ಎಂದು ಕೂಗಿದ್ದಕ್ಕೆ ಆಚೆಯವರು ಎಳೆಯುವ ಹೊತ್ತಿಗೆ ಅವನೇ ಬಿಡಿರಿ ಎಂದಿರುತ್ತಿದ್ದ. ಮರ ನಾಲ್ಕು ಸಲ ಅವನ ಕಾಲ ಮೇಲೆಯೇ ಬಿತ್ತು. ಯಾರೂ ಬೈಯಲಿಲ್ಲ. ಸುಮ್ಮನೆ ಅವನ ‘ಆಯ್ತು’ಗೆ ಕಾದರು. ಬೈದಿದ್ದರೆ ಅವನಿಗೆ ಸುಲಭವಿತ್ತು. ನಾಲ್ಕನೆಯ ದಿನದ ಹೊತ್ತಿಗೆ ಅವನು ಒಂದು ಮಾತು ಆಡಿ, ಹಲ್ಲು ಕಚ್ಚಿ, ಕಾಯುವುದನ್ನು ಕಲಿತಿದ್ದ.

ಐದನೆಯ ದಿನ ಹನ್ನೊಂದೂವರೆಗೆ ಉಳಿದವರು ಊಟಕ್ಕೆ ಹೋದರು. ಪ್ರಪಾತದ ತಳದಲ್ಲಿ ಅವರಿಬ್ಬರೇ ಉಳಿದರು. ಪ್ರಮೀಳಾ ಮೂಡಲ ಬಾಗಿಲಿಂದ ಇಳಿದು ಅವನ ಎದುರಿಗೆ ಬಂದು ನಿಂತಳು. ಮನೆಯಲ್ಲಿ ಅವರ ನಡುವೆ ಇದ್ದದ್ದು ಒಂದು ಗೋಡೆ. ಅವನ ಗಂಟಲು ದೊಡ್ಡದು, ಅವನು ಆಡಿದ್ದೆಲ್ಲ ಅವಳಿಗೆ ಮೊದಲು ಗೋಡೆಯಿಂದ, ಆಮೇಲೆ ಚಂದ್ರನಿಂದ ಎರಡು ಸಲ ಕೇಳುತ್ತಿತ್ತು. ಅವಳ ಮೆಲುದನಿ ಮಾತ್ರ ಗೋಡೆ ದಾಟುತ್ತಿರಲಿಲ್ಲ, ಅದು ಅವನನ್ನು ಮುಟ್ಟಲು ಏಳೂಮುಕ್ಕಾಲು ಲಕ್ಷ ಕಿಲೋಮೀಟರು ಸುತ್ತಿ ಬರಬೇಕಿತ್ತು.

“ಆವತ್ತ… ನೀವು…” ಎಂದಳು.

ಎರಡೂವರೆ ಸೆಕೆಂಡು ಕಳೆದು ಗೋಡೆಯಾಚೆ ಕುರ್ಚಿ ಕಿರ್ರೆಂದಿತು. “ತಡಾ…” ಎಂಬುದು ಕೇಳಿತು. ಅಲ್ಲಿಗೇ ನಿಂತಿತು. ಅವಳು ಇನ್ನೂ ‘ಆಯ್ತು’ ಎಂದಿರಲಿಲ್ಲ. ಶಿವಾನಂದ ಬಾಯಿ ಮುಚ್ಚಿಕೊಂಡ.

“ಅಡಿಗಿ ಮನ್ಯಾಗ ಬಿದ್ದಾಗ… ಎಲ್ಲಾ ಕತ್ತಲಿ… ಆಗಾಕಹತ್ತಿತ್ತು. ನೀವು ಬಂದ್ರಿ. ಹೊತಗೊಂಡು… ಎರಡು ಮಜಲು… ಇಳದ್ರಿ. ರಿಕ್ಷಾದಾಗ… ಮಲಗಬ್ಯಾಡ ಅಂತ… ದಾರಿ ತುಂಬಾ ಕೂಗಿದ್ರಿ. ಹರಾಜು ಕೂಗಿದ್ರಿ. ದಪ್ಪ ಗಡ್ಡಿ… ನಡು ಗಡ್ಡಿ… ಸಣ್ಣ ಗಡ್ಡಿ. ಮತ್ತ… ಮೊದಲಿಂದ. ನನಗ ಏನೂ… ಕಾಣಿಸ್ತಿದ್ದಿಲ್ಲ. ನಿಮ್ಮ ದನಿ… ಒಂದ ಇತ್ತು. ಅದನ್ನ… ಹಿಡಕೊಂಡೆ. ನೀವು ತಡಾ… ಮಾಡಿಲ್ಲ. ಆವತ್ತ ನೀವು… ಬಾಯಿ ಮುಚ್ಚಲಿಲ್ಲ. ಅದಕ್ಕ… ನಾ ಜೀವಂತ ಅದೇನಿ. ನಿಮ್ಮ ಉಪಕಾರ… ಮರಿಯೂದಿಲ್ಲ. ಆಯ್ತು.”

ಅವಳು ಕಾದಳು. ಎರಡೂವರೆ ಸೆಕೆಂಡಾಯಿತು, ಐದಾಯಿತು. ಎದುರಿಗಿದ್ದ ಶಿವಾನಂದನ ಪಾತ್ರ, ಆ ಬಂಡಿಯಾಳು, ಹಗ್ಗ ಹಿಡಿದು ನಿಂತೇ ಇದ್ದ. ಹತ್ತಾಯಿತು, ಇಪ್ಪತ್ತಾಯಿತು. ಉಳ್ಳಾಗಡ್ಡಿಯ ಇಡೀ ಮಾರುಕಟ್ಟೆಯನ್ನು ಬಾಯಲ್ಲಿ ಆಡಿಸುವ ಮನುಷ್ಯನಿಗೆ ಒಂದು ಶಬ್ದ ಸಿಗುತ್ತಿರಲಿಲ್ಲ. ಏನು ಹೇಳಲು ಒದ್ದಾಡುತ್ತಿದ್ದಾನೆ ಎಂದು ಅವಳಿಗೆ ಗೊತ್ತಿತ್ತು, ಆದರೂ ಅವನ ಮಾತನ್ನು ಅವಳು ಮುಗಿಸಿಕೊಡಲಿಲ್ಲ.

ಆಗ ಗೋಡೆಯಾಚೆಯಿಂದ ದೊಡ್ಡದೊಂದು ಬಿಕ್ಕು ಕೇಳಿಸಿತು. ಪ್ರಮೀಳಾ ಹಣೆಪಟ್ಟಿ ಕಳಚಿ ಕೈಯಲ್ಲಿ ಹಿಡಿದೇ ಎದ್ದಳು. ಅದೇ ಬಿಕ್ಕು ಚಂದ್ರನನ್ನು ಮುಟ್ಟಿ, ತಿರುಗಿ ಬಂದು, ಅವಳ ಕೈಯಲ್ಲಿದ್ದ ಪಟ್ಟಿಯೊಳಗೆ ಇನ್ನೊಮ್ಮೆ ಕೇಳಿಸುವಷ್ಟರಲ್ಲಿ ಅವಳು ಅವನ ಕೋಣೆಯ ಬಾಗಿಲು ತಳ್ಳಿದ್ದಳು.